ಕೆಂಪು, ನೀಲಿ, ಹಸಿರು: ರುಚಿ ಮಾತ್ರ ಒಂದೇ

ಪ್ರಶ್ನೆ: ನನ್ನ ಮಗ ಎರಡು ತಿಂಗಳು ಊಟ, ನಿದ್ದೆ ಬಿಟ್ಟು ‘ಮಾಸ್ ಎಫೆಕ್ಟ್’ ಎಂಬ ವಿಡಿಯೋ ಗೇಮಿನ ಮೂರೂ ಭಾಗ ಆಡಿ ಮುಗಿಸಿದ. ಈಗ ಒಂದು ವಾರದಿಂದ ಅದರ ಕೊನೆ ಸರಿಯಿಲ್ಲವೆಂದು ಗೊಣಗುತ್ತಿದ್ದಾನೆ. ಅಷ್ಟು ಮೆಚ್ಚಿದವನು ಹೀಗೆ ಬಯ್ಯುವುದು ಉಂಡ ಮನೆಯ ಜಂತೆ ಎಣಿಸಿದ ಹಾಗಲ್ಲವೇ?
(ಓದುಗರೊಬ್ಬರು, ದಾವಣಗೆರೆ)

ಎಣಿಸಲಿ ಬಿಡಿ. ಯಾವ ಜಂತೆಗೆ ಗೆದ್ದಲು ಹತ್ತಿದೆ ಎಂದು ಆ ಸೂರಿನಡಿ ಮಲಗಿದವನಿಗಲ್ಲದೆ ದಾರಿಹೋಕನಿಗೆ ತಿಳಿಯುತ್ತದೆಯೇ? ಈ ತಕರಾರು ನಿಮ್ಮ ಮಗನೊಬ್ಬನದೇ ಅಲ್ಲ. 2012ರಲ್ಲಿ ಇದೇ ಕೊನೆಗಾಗಿ ದೊಡ್ಡ ರಂಪವೇ ಆಗಿತ್ತು.

ಆಟ ನೋಡದವರಿಗೆ ಸ್ವಲ್ಪ ಹಿನ್ನೆಲೆ. ಕೆನಡಾದ ಎಡ್ಮಂಟನ್‌ನಲ್ಲಿರುವ ಬಯೋವೇರ್ ಕಂಪನಿ 2007, 2010, 2012ರಲ್ಲಿ ಮೂರು ಕಂತಾಗಿ ಹೇಳಿದ ಕಥೆಯಿದು. ಐವತ್ತು ಸಾವಿರ ವರ್ಷಕ್ಕೊಮ್ಮೆ ಬಂದು, ಮುಂದುವರಿದ ಜೀವಕುಲಗಳನ್ನೆಲ್ಲ ಕೊಯ್ದುಹೋಗುವ ರೀಪರ್ ಎಂಬ ಯಂತ್ರಗಳು ಒಂದು ಕಡೆ, ಶೆಪರ್ಡ್ ಎಂಬ ಸೇನಾನಿ ಇನ್ನೊಂದು ಕಡೆ. ಆಟದ ಹೆಚ್ಚುಗಾರಿಕೆ ಅದರ ನೆನಪಿನಲ್ಲಿದೆ. ಒಂದು ಭಾಗದ ಸೇವ್ ಫೈಲು, ಅಂದರೆ ನೀವು ಆಡಿದ್ದರ ದಾಖಲೆ, ಮುಂದಿನದಕ್ಕೂ ಬರುತ್ತದೆ. ಮೊದಲ ಭಾಗದಲ್ಲಿ ನೀವು ಉಳಿಸಿಕೊಂಡ ರೆಕ್ಸ್ ಎಂಬ ಸಂಗಾತಿ, ಮೂರನೆಯದರಲ್ಲಿ ತನ್ನ ಕುಲದ ನಾಯಕನಾಗಿ ಎದುರು ನಿಲ್ಲುತ್ತಾನೆ. ಅಂದು ಅವನು ಸತ್ತಿದ್ದರೆ ಆ ಜಾಗದಲ್ಲಿ ಬೇರೊಬ್ಬನಿರುತ್ತಾನೆ.

ಹೀಗೆ ಐದು ವರ್ಷ ಲೆಕ್ಕ ಬರೆದಿಟ್ಟ ಆಟ, ಕೊನೆಗೆ ಬಾಲಕನ ರೂಪದ ಒಂದು ಯಂತ್ರಬುದ್ಧಿಯನ್ನು ತಂದು ನಿಲ್ಲಿಸಿ ಮೂರು ದಾರಿ ತೋರಿಸಿತು: ರೀಪರ್‌ಗಳನ್ನು ನಾಶಮಾಡು, ನಿನ್ನ ಹಿಡಿತಕ್ಕೆ ತಂದುಕೋ, ಇಲ್ಲವೇ ಜೀವವನ್ನೂ ಯಂತ್ರವನ್ನೂ ಬೆಸೆದುಬಿಡು. ಯಾವುದನ್ನು ಆರಿಸಿದರೂ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಸ್ಫೋಟದ ಬಣ್ಣ ಮಾತ್ರ ಕೆಂಪು, ನೀಲಿ, ಹಸಿರು. ಮೂರರಲ್ಲೊಂದನ್ನು ಆರಿಸುವಂಥ ಮುಗಿತಾಯ ಇದಲ್ಲ ಎಂಬ ಭರವಸೆಯನ್ನು ನಿರ್ದೇಶಕ ಕೇಸಿ ಹಡ್ಸನ್ ಬಿಡುಗಡೆಗೆ ಮುಂಚೆ ಕೊಟ್ಟಿದ್ದರು!

ಪತ್ರಿಕೆಗಳ ವಿಮರ್ಶಕರು ಆಟಕ್ಕೆ ಧಾರಾಳವಾಗಿ ಅಂಕ ಕೊಟ್ಟರು. ತೂತುಗಳನ್ನು ಹುಡುಕಿದವರು ಅಭಿಮಾನಿಗಳು. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗು ಚಿಮ್ಮಿಸುವ ‘ರಿಲೇ’ಗಳು ಈ ಲೋಕದ ಹೆದ್ದಾರಿಗಳಿದ್ದಂತೆ. ಒಂದು ರಿಲೇ ಒಡೆದರೆ ಅದರ ಸುತ್ತಲ ಸೌರವ್ಯೂಹವೇ ಸುಟ್ಟುಹೋಗುತ್ತದೆ ಎಂದು ತೋರಿಸಿದ್ದು 2011ರ ‘ಅರೈವಲ್’ ಎಂಬ ಸಣ್ಣ ಉಪಕಥೆ. ಕೊನೆಯಲ್ಲಿ ರಿಲೇಗಳೆಲ್ಲ ಸಿಡಿಯುತ್ತವೆ. ಹಾಗಾದರೆ ನಾವು ಉಳಿಸಿದವರೆಲ್ಲ ಸತ್ತರೇ? ಆ ಉಪಕಥೆಯನ್ನು ಕೊಂಡು ಆಡಿದವನಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು. ಲಂಡನ್ನಿನ ನೆಲದ ಮೇಲೆ ಶೆಪರ್ಡ್ ಜೊತೆ ಓಡುತ್ತಿದ್ದ ಸಂಗಾತಿಗಳು ಮರುಗಳಿಗೆಯಲ್ಲಿ ಹಡಗಿನೊಳಗೆ ಹೇಗೆ ಬಂದರು ಎಂಬುದು ಇನ್ನೊಂದು.

ನನ್ನನ್ನು ಹೆಚ್ಚು ಕಾಡಿದ್ದು ರಾನಾಕ್ ಗ್ರಹದ ಪ್ರಸಂಗ. ಕ್ವಾರಿಯನ್ನರೆಂಬ ಜೀವಕುಲದವರು, ಅವರೇ ಸೃಷ್ಟಿಸಿದ ಗೆತ್ ಎಂಬ ಯಂತ್ರಗಳು. ಇವರದು ಮುನ್ನೂರು ವರ್ಷದ ಹಗೆ. ಮೊದಲಿಂದ ಜೋಪಾನವಾಗಿ ಆಡಿಕೊಂಡು ಬಂದವನು ಇಬ್ಬರನ್ನೂ ರಾಜಿ ಮಾಡಿಸಬಹುದು. ಕೊನೆಯಲ್ಲಿ ಆ ಬಾಲಕ, ಯಂತ್ರಗಳು ತಮ್ಮನ್ನು ಮಾಡಿದವರ ಮೇಲೆ ತಿರುಗಿಬೀಳುವುದು ತಪ್ಪದು ಎನ್ನುತ್ತಾನೆ. ರಾನಾಕ್ ಕಡೆ ಒಮ್ಮೆ ನೋಡಪ್ಪಾ ಎನ್ನಲು ಶೆಪರ್ಡ್‌ಗೆ ಬಾಯಿಯೇ ಬರುವುದಿಲ್ಲ. ಆಟ ತನ್ನ ಮಾತನ್ನೇ ಮರೆತಿತ್ತು. ಜ್ಞಾಪಿಸುವ ಕೆಲಸ ಅದನ್ನು ನೆನಪಿಟ್ಟವನದೇ ತಾನೇ?

ಎಲ್ಲರೂ ಹದವಾಗಿ ನಡೆದುಕೊಂಡರು ಎನ್ನಲಾರೆ. ಒಬ್ಬ ಆಟಗಾರ ಜಾಹೀರಾತಿನಲ್ಲಿ ಮೋಸವಾಯಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟ, ಅದು ಅತಿ. ಬರೆದವರ ಮೇಲೆ ವೈಯಕ್ತಿಕವಾಗಿ ಹರಿಹಾಯ್ದವರೂ ಇದ್ದರು. ಅದಕ್ಕೆ ಟೀಕೆ ಎಂಬ ಹೆಸರೇ ಸಲ್ಲದು. ಆದರೆ ಇದೇ ಗುಂಪಿನವರು ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ ಕೊಡಿಸುವ ‘ಚೈಲ್ಡ್ಸ್ ಪ್ಲೇ’ ಸಂಸ್ಥೆಗೆ ಎಂಬತ್ತು ಸಾವಿರ ಡಾಲರ್ ಸಂಗ್ರಹಿಸಿದರು. ಬಯೋವೇರ್ ಕಚೇರಿಗೆ ನಾನೂರರಷ್ಟು ಕಪ್‌ಕೇಕ್ ಕಳುಹಿಸಿದರು. ಮೇಲೆ ಕೆಂಪು, ನೀಲಿ, ಹಸಿರು ಕ್ರೀಮು, ಒಳಗೆಲ್ಲ ಅದೇ ವೆನಿಲ್ಲಾ. ಇದಕ್ಕಿಂತ ಚೊಕ್ಕವಾದ ವಿಮರ್ಶೆಯನ್ನು ನಾನಂತೂ ಕಂಡಿಲ್ಲ. ಕಂಪನಿ ಅವನ್ನು ತಿನ್ನದೆ ಊರಿನ ಯುವಜನರ ಆಶ್ರಯಧಾಮಕ್ಕೆ ಕೊಟ್ಟಿತು.

ಕೊನೆಯನ್ನೇ ಬದಲಿಸಿ ಎಂಬ ಹಟಕ್ಕೆ ನನ್ನ ಸಹಮತವಿಲ್ಲ, ಕಥೆ ಬರೆದವರದು. ನೀವು ಹೇಳಿದ್ದೊಂದು, ಕೊಟ್ಟಿದ್ದೊಂದು ಎನ್ನುವ ಹಕ್ಕು ಕೇಳಿಸಿಕೊಂಡವನದು. ಈ ತಕರಾರಿಗೆ ಉತ್ತರವಾಗಿ ಬಯೋವೇರ್ 2012ರ ಜೂನ್ 26ರಂದು ಉಚಿತವಾಗಿ, ಕೊನೆಯನ್ನು ಹಿಗ್ಗಿಸಿದ ‘ಎಕ್ಸ್‌ಟೆಂಡೆಡ್ ಕಟ್’ ಹೊರತಂದಿತು. ರಿಲೇಗಳನ್ನು ದುರಸ್ತಿ ಮಾಡಬಹುದು ಎಂದಾಯಿತು, ಸಂಗಾತಿಗಳನ್ನು ಹಡಗಿಗೆ ಹತ್ತಿಸುವ ದೃಶ್ಯ ಸೇರಿತು. ಮೂರೂ ಬೇಡವೆನ್ನುವ ನಾಲ್ಕನೆಯ ದಾರಿಯೂ ಬಂತು, ಅದರಲ್ಲಿ ಗೆಲ್ಲುವುದು ರೀಪರ್‌ಗಳು (ಕಂಪನಿಯ ಕೊಂಕಿರಬಹುದೇ ಎಂದು ಕೆಲವರಿಗೆ ಗುಮಾನಿ).

ನಿಮ್ಮ ಮಗ ಆಡಿದ್ದು 2021ರ ಲೆಜೆಂಡರಿ ಎಡಿಷನ್ ಆಗಿದ್ದರೆ ಈ ತೇಪೆಗಳೆಲ್ಲ ಅದರಲ್ಲಿ ಹೊಲಿದೇ ಬಂದಿವೆ. ಆದರೂ ಗೊಣಗುತ್ತಿದ್ದಾನೆಂದರೆ ವಿಷಯ ರಾನಾಕ್‌ನದೇ ಇರಬೇಕು. ಒಮ್ಮೆ ಕೇಳಿ ನೋಡಿ. ಕೇಳುವ ಮುಂಚೆ ಒಲೆ ಮಾತ್ರ ಆರಿಸಿ ಬನ್ನಿ, ಉತ್ತರ ಅರ್ಧ ಗಂಟೆಗೆ ಮುಗಿಯಲಾರದು.