ಸೂಜಿಗೆ ಶೀಲದ ಲೆಕ್ಕ ಬೇಡ

ಹನ್ನೊಂದು ತುಂಬಿದ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದೆಯಾ ಎಂದರೆ, ‘ಇಷ್ಟು ಚಿಕ್ಕವಳಿಗೆ ಯಾಕೆ ಚಿಕ್ಕಮ್ಮಾ’ ಎಂದು ದನಿ ತಗ್ಗಿಸಿದೆಯಲ್ಲ, ಅದಕ್ಕೇ ಈ ಮಾತು.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಎಂದರೆ ಯಾವ ತಾಯಿಯೂ ಬೇಡ ಅನ್ನಲಾರಳು. ಆದರೆ ಅದಕ್ಕೆ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ಸು ಎಂದ ಕೂಡಲೇ ನಮಗೆ ಮಗಳ ಮೇಲೆ ಯಾರೋ ಅನುಮಾನಪಟ್ಟ ಹಾಗಾಗುತ್ತದೆ. ಹೆಪಟೈಟಿಸ್ ಬಿ ಕೂಡ ಹಾಗೆ ಹರಡಬಲ್ಲದ್ದೇ. ಅದರ ಲಸಿಕೆಯನ್ನು ಹುಟ್ಟಿದ ಕೂಸಿಗೆ ಆಸ್ಪತ್ರೆಯಲ್ಲೇ ಹಾಕುತ್ತಾರೆ, ಆಗ ಯಾರೂ ತುಟಿ ಬಿಚ್ಚಲಿಲ್ಲ!

ಒಬ್ಬನೇ ಗಂಡನೊಡನೆ ಬಾಳಿದ ಹೆಂಗಸಿಗೂ ಈ ವೈರಸ್ಸು ಅವನಿಂದಲೇ ಬರಬಹುದು. ಅವನಿಗೂ ಗೊತ್ತಿರುವುದಿಲ್ಲ, ಹೆಚ್ಚಿನವರಲ್ಲಿ ಲಕ್ಷಣವೇ ಇಲ್ಲದೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗಿಬಿಡುತ್ತದೆ. ಹೋಗದೆ ಕೂತರೆ, ಅದರಲ್ಲೂ 16 ಮತ್ತು 18 ಎಂಬ ಬಗೆಗಳು, ವರ್ಷಾನುಗಟ್ಟಲೆ ಕಳೆದ ಮೇಲೆ ಕ್ಯಾನ್ಸರ್ ಆಗಬಹುದು. ಈ ಲಸಿಕೆ ಸೋಂಕನ್ನು ತಡೆಯುತ್ತದೆ, ಬಂದದ್ದನ್ನು ಕಳೆಯುವುದಿಲ್ಲ. ಒಂಬತ್ತರಿಂದ ಹದಿನಾಲ್ಕರೊಳಗೆ ಹಾಕಿಸಿ ಅನ್ನುವುದು ಅದಕ್ಕೇ. ಮಳೆ ಹಿಡಿದ ಮೇಲೆ ಹೆಂಚು ಕೈಯಾಡಿಸುತ್ತೇವೆಯೇ?

ಅಳಿಯಂದಿರು ಖಮ್ಮಂ ಸುದ್ದಿ ಎತ್ತಿದರಂತೆ. ಅವರ ಮಾತು ತಳ್ಳಿಹಾಕುವಂಥದ್ದಲ್ಲ. 2009ರಲ್ಲಿ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಲಸಿಕೆ ಹಾಕಲು ಶುರುಮಾಡಿದ ಮೇಲೆ ಏಳು ಹುಡುಗಿಯರು ತೀರಿಕೊಂಡರು. ಮರುವರ್ಷ ಸರ್ಕಾರ ಅದನ್ನು ನಿಲ್ಲಿಸಿತು. ಒಬ್ಬಳು ಹಾವು ಕಚ್ಚಿ, ಒಬ್ಬಳು ನೀರಿಗೆ ಬಿದ್ದು... ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಾಣಲಿಲ್ಲ. ಆದರೆ ಎಷ್ಟೋ ಕಡೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್ನುಗಳೇ ಸಹಿ ಹಾಕಿದ್ದರು. ಬಡವರ ಮಕ್ಕಳೆಂದು ಹಾಗೆ ಮಾಡಿದ್ದು, ನನಗೆ ಇಂದಿಗೂ ಅದರ ಮೇಲೆ ಸಿಟ್ಟಿದೆ. ಆ ಗದ್ದಲದಲ್ಲೇ ಬೇರೊಂದು ಅಧ್ಯಯನದಲ್ಲೂ ಈ ಲಸಿಕೆ ಹಾಕುವುದು ಅರ್ಧಕ್ಕೆ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ಅವರನ್ನು ವರ್ಷಗಟ್ಟಲೆ ಗಮನಿಸಿದಾಗ ಒಂದು ಡೋಸೂ ಚೆನ್ನಾಗಿಯೇ ಕಾಯುತ್ತದೆಂದು ಕಂಡಿತು. ನಿನ್ನ ಮಗಳ ವಯಸ್ಸಿನವರಿಗೆ ಒಂದಾದರೂ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದರ ಹಿಂದೆ ಆ ಮಕ್ಕಳೂ ಇದ್ದಾರೆ.

ಹಾಗಾಗಿ ಪ್ರಶ್ನೆ ಕೇಳಿ, ಧಾರಾಳವಾಗಿ ಕೇಳಿ. ಯಾವ ಲಸಿಕೆ, ಎಷ್ಟು ಡೋಸ್, ಅಲರ್ಜಿ ಇದ್ದರೆ ಏನು? ಒಪ್ಪಿಗೆ ಪತ್ರ ಓದಿ ನೀವೇ ಸಹಿ ಮಾಡಿ. ಪಕ್ಕದ ಮನೆಯವರು ಏನಂದಾರು ಅನ್ನುವುದು ಮಾತ್ರ ಡಾಕ್ಟರಿಗೆ ಬೇಕಾದ ವಿಷಯವಲ್ಲ.

ಮಗಳು ಕೇಳಿದರೆ ‘ಮುಂದೆ ಕ್ಯಾನ್ಸರ್ ಬರದಿರಲಿ ಅಂತ’ ಎನ್ನು, ಸದ್ಯಕ್ಕೆ ಅಷ್ಟು ಸಾಕು. ಸೂಜಿಯಾದ ಮೇಲೆ ಕಾಲು ಗಂಟೆ ಅಲ್ಲೇ ಕೂರಿಸು, ಕೆಲವರಿಗೆ ತಲೆ ಸುತ್ತುತ್ತದೆ. ನೀನೂ ಮೂವತ್ತು ದಾಟಿದವಳು. ನಿನ್ನ ಗರ್ಭಕಂಠದ ತಪಾಸಣೆಗೂ ಅವತ್ತೇ ದಿನ ಗೊತ್ತುಮಾಡಿಕೊಂಡು ಬಾ.