ಎದೆಯುರಿಗೆ ಸೋಡಾ ಕುಡಿಯುವ ಮುನ್ನ

ರಾತ್ರಿ ಉಂಡು ಮಲಗಿದ ಕೂಡಲೇ ಎದೆಯ ನಡುವೆ ಉರಿ, ಗಂಟಲಿಗೆ ಹುಳಿನೀರು ಬರುತ್ತದೆಯೇ? ಇದನ್ನು ನಾವು ‘ಗ್ಯಾಸ್’ ಎಂದು ಬಿಡುತ್ತೇವೆ. ನಿಜವಾಗಿ ಅದು ಗಾಳಿಯಲ್ಲ. ಅನ್ನನಾಳವು ಜಠರವನ್ನು ಸೇರುವಲ್ಲಿ ಉಂಗುರದಂತಹ ಸ್ನಾಯುವೊಂದಿದೆ. ನುಂಗುವಾಗ ತೆರೆದು ಮತ್ತೆ ಮುಚ್ಚಬೇಕಾದ ಈ ಬಾಗಿಲು ಸಡಿಲಗೊಂಡರೆ ಜಠರದ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಜಠರಕ್ಕಿರುವ ರಕ್ಷಣೆಯ ಪದರ ಅನ್ನನಾಳಕ್ಕಿಲ್ಲ; ಅದಕ್ಕೇ ಉರಿ.

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ದುಡಿಯುವವರು ಉಂಡ ಕೈಯಲ್ಲೇ ಬಗ್ಗಿ ಅಡಿಕೆ ಹೆಕ್ಕುತ್ತಾರೆ. ಬಗ್ಗಿದರೆ ಹೊಟ್ಟೆ ಒತ್ತುತ್ತದೆ. ಎಲೆಯಡಿಕೆಯೊಂದಿಗಿನ ಹೊಗೆಸೊಪ್ಪು ಆ ಬಾಗಿಲನ್ನು ಇನ್ನಷ್ಟು ಸಡಿಲಿಸುತ್ತದೆ. ಪಿತ್ತಕ್ಕೆ ಒಳ್ಳೆಯದೆಂದು ಕುಡಿಯುವ ಪುನರ್ಪುಳಿಯ ಹುಳಿಯೂ ಕೆಲವರಿಗೆ ಉರಿ ಹೆಚ್ಚಿಸುತ್ತದೆ. ಹಬ್ಬದ ಹಂದಿಮಾಂಸ ಬೇಡವೆಂದರೆ ಯಾರೂ ಕೇಳಲಿಕ್ಕಿಲ್ಲ. ರಾತ್ರಿಯ ಬದಲು ಮಧ್ಯಾಹ್ನ ತಿನ್ನಿ, ಅಷ್ಟೇ.

ರಾತ್ರಿಯೂಟಕ್ಕೂ ನಿದ್ರೆಗೂ 3 ಗಂಟೆ ಅಂತರವಿರಲಿ. ಮಂಚದ ತಲೆಭಾಗದ ಕಾಲುಗಳಡಿ 6 ಇಂಚು ಎತ್ತರದ ಮರದ ತುಂಡುಗಳನ್ನಿಡಿ. ಬರಿಯ ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆಯೇ ಒತ್ತುತ್ತದೆ. ಎಡಮಗ್ಗುಲಿಗೆ ಮಲಗಿದರೆ ಆಮ್ಲ ಮೇಲೇರುವುದು ಕಡಿಮೆ. ಓಮೆಪ್ರಜೋಲ್ ಮಾತ್ರೆಯನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಬೇಡ. ನುಂಗುವಾಗ ಆಹಾರ ಸಿಕ್ಕಿಕೊಂಡರೆ, ತೂಕ ಇಳಿದರೆ, ಮಲ ಕಪ್ಪಾದರೆ ತಡಮಾಡದೆ ತೋರಿಸಿ.

ಎದೆ ಹಿಂಡಿದಂತಾಗಿ ಬೆವರು, ಏದುಸಿರು, ಕೈಗೋ ದವಡೆಗೋ ಹರಡುವ ನೋವು ಇದ್ದರೆ ಅದು ಹೃದಯಾಘಾತವಿರಬಹುದು. ಸೋಡಾ ಕುಡಿದು ತೇಗಿಗಾಗಿ ಕಾಯುತ್ತಾ ಕೂರಬೇಡಿ. ಸುಳ್ಯದಿಂದ ಮಂಗಳೂರಿಗೆ 80 ಕಿ.ಮೀ. ಮೀರಿದ ದಾರಿ. ಕೂಡಲೇ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲೇ ಮೊದಲು ಇಸಿಜಿ ಮಾಡಿಸಿ.