ಸಾಲ್ಮನ್ ಹೊಳೆಗೆ ಸಿನಿಮಾದ ಬಲ – ಎಲ್ಲಿವರೆಗೆ?

ಮೀನಿಗೋಸ್ಕರ ಅಣೆಕಟ್ಟು ಒಡೆಯುವುದುಂಟಾ? ಅಮೆರಿಕದಲ್ಲಿ ಉಂಟು. ಅದಕ್ಕೆ ಜನರ ಬೆಂಬಲ ಕೂಡಿಸಲು ಸಾಕ್ಷ್ಯಚಿತ್ರ ಮಾಡಿ ತೋರಿಸುವುದೂ ಉಂಟು. ಅಂಥದ್ದೊಂದು 2014ರಲ್ಲಿ ಬಂದ 'ಡ್ಯಾಮ್‌ನೇಷನ್'. ನಿರ್ದೇಶಕರು ಬೆನ್ ನೈಟ್ ಮತ್ತು ಟ್ರಾವಿಸ್ ರಮ್ಮೆಲ್. ದುಡ್ಡು ಹಾಕಿದ್ದು ಪ್ಯಾಟಗೋನಿಯಾ ಎಂಬ ಬಟ್ಟೆ ಕಂಪೆನಿ. ಸುಮಾರು ಒಂದೂವರೆ ಗಂಟೆಯ ಈ ಚಿತ್ರವನ್ನು ನಾನು ಕೃಷಿಕನ ಕಣ್ಣಲ್ಲೇ ನೋಡಿದೆ. ಕಂಡದ್ದಿಷ್ಟು: ಸಿನಿಮಾ ದೂರದವರ ಮನಸ್ಸು ಗೆಲ್ಲುತ್ತದೆ. ಹೊಳೆಬದಿಯವರ ಒಪ್ಪಿಗೆಗೆ ಬೇರೆಯೇ ಕೆಲಸ ಬೇಕು.

ಸಾಲ್ಮನ್‌ಗೆ ಏನು ತೊಂದರೆ?

ಈ ಮೀನು ಹುಟ್ಟುವುದು ಹೊಳೆಯ ತಣ್ಣೀರಿನ ಜಲ್ಲಿಕಲ್ಲಿನ ನಡುವೆ. ಬೆಳೆಯುವುದು ಸಮುದ್ರದಲ್ಲಿ. ಮೊಟ್ಟೆ ಇಡಲು ತಿರುಗಿ ಹುಟ್ಟಿದ ಹೊಳೆಗೇ ಬರುತ್ತದೆ. ನಡುವೆ ಅಣೆಕಟ್ಟು ಎದ್ದರೆ ದಾರಿ ಬಂದ್. ಅದು ನಮ್ಮ ಕಟ್ಟದ ಹಾಗೆ ಮಳೆಗಾಲಕ್ಕೆ ಬಿಚ್ಚುವಂಥದ್ದಲ್ಲ.

ಎಲ್ವಾ: ಮೊದಲು ಏರ್ಪಾಡು, ಆಮೇಲೆ ಒಡೆತ

ವಾಷಿಂಗ್ಟನ್ ರಾಜ್ಯದ ಎಲ್ವಾ ಹೊಳೆಗೆ ವಿದ್ಯುತ್ತಿಗಾಗಿ 1913 ಮತ್ತು 1927ರಲ್ಲಿ ಎರಡು ಅಣೆಕಟ್ಟು ಬಂದವು. ಮೀನು ಹತ್ತಲು ಏಣಿಯನ್ನೂ ಇಡಲಿಲ್ಲ. ಸಮುದ್ರದಿಂದ ಬಂದ ಮೀನಿಗೆ ಉಳಿದದ್ದು ಕೆಳಗಿನ ಸುಮಾರು 8 ಕಿ.ಮೀ. ಮಾತ್ರ. ಅಲ್ಲಿನ ಮೂಲನಿವಾಸಿ ಕ್ಲಾಲಮ್ ಜನರ ಊಟಕ್ಕೇ ಕುತ್ತು ಬಂತು.

ಹೊಳೆಯನ್ನು ಮೊದಲಿನಂತೆ ಮಾಡುವ ಕಾನೂನು ಆದದ್ದು 1992ರಲ್ಲಿ. ಒಡೆಯಲು ಶುರು ಮಾಡಿದ್ದು 2011ರಲ್ಲಿ, ಮುಗಿದದ್ದು 2014ರಲ್ಲಿ. ಹೂಳು ಕೆಳಗಿಳಿದರೆ ಪೋರ್ಟ್ ಏಂಜಲೀಸ್ ಪಟ್ಟಣದ ಕುಡಿಯುವ ನೀರು ಕೆಡುತ್ತದಲ್ಲ? ಅದಕ್ಕೆ ಶುದ್ಧೀಕರಣ ಘಟಕವನ್ನು ಮೊದಲೇ ಕಟ್ಟಿದರು. 2023ರಲ್ಲಿ ಕ್ಲಾಲಮ್ ಜನ ಮತ್ತೆ ಆ ಹೊಳೆಯಲ್ಲಿ ಮಿತವಾಗಿ ಕೋಹೋ ಸಾಲ್ಮನ್ ಹಿಡಿದರು.

ಸಿನಿಮಾ ನೋಡಿ ಒಡೆದದ್ದಲ್ಲ, ಒಡೆದದ್ದನ್ನು ಸಿನಿಮಾ ತೋರಿಸಿತು. ಅದೂ ಸಣ್ಣ ಕೆಲಸವಲ್ಲ. 'ಇದೆಲ್ಲ ಆಗುವ ಮಾತಾ?' ಅನ್ನುವವನ ಮುಂದೆ ಗೋಡೆ ಬೀಳುವುದನ್ನೇ ಇಟ್ಟರೆ ಮಾತು ನಿಲ್ಲುತ್ತದೆ.

ಸ್ನೇಕ್: ಸಹಿ ಬಂತು, ಗೋಡೆ ಉಳಿಯಿತು

ಇದೇ ಚಿತ್ರದ ಜತೆ ಒಂದು ಮನವಿಯೂ ಹೊರಟಿತು. ಉಪಯೋಗಕ್ಕಿಂತ ಹಾನಿಯೇ ಹೆಚ್ಚಾದ ಅಣೆಕಟ್ಟುಗಳನ್ನು, ಮುಖ್ಯವಾಗಿ ಸ್ನೇಕ್ ನದಿಯ ಕೆಳಭಾಗದ ನಾಲ್ಕನ್ನು ತೆಗೆಯಿರಿ ಎಂದು. 70 ಸಾವಿರಕ್ಕೂ ಹೆಚ್ಚು ಸಹಿ ಬಿದ್ದು ಅಧ್ಯಕ್ಷ ಒಬಾಮಾ ಅವರಿಗೆ ಹೋಯಿತು. ನಾಲ್ಕೂ ಈಗಲೂ ನಿಂತಿವೆ.

ಯಾಕೆ? ವಿದ್ಯುತ್ ಒಂದು ಕಾರಣ. ಇನ್ನೊಂದು ನಮ್ಮಂಥವರದು. ಆ ಅಣೆಕಟ್ಟುಗಳಿಂದಾಗಿ ಐಡಾಹೊದ ಲೂವಿಸ್ಟನ್‌ವರೆಗೂ ಬಾರ್ಜ್ ಎಂಬ ಸರಕುದೋಣಿ ಬರುತ್ತದೆ. ಸುತ್ತಿನ ರೈತರ ಗೋಧಿ ಸಮುದ್ರಕ್ಕೆ ಇಳಿಯುವುದು ಅದರಲ್ಲಿ. ಕೆಳಗಿನ ಐಸ್ ಹಾರ್ಬರ್ ಅಣೆಕಟ್ಟಿನ ನೀರನ್ನೇ ಪಂಪ್ ಮಾಡಿ ಬೆಳೆ ತೆಗೆಯುವವರೂ ಇದ್ದಾರೆ. ಈ ಸೌಲಭ್ಯಗಳಿಗೆ ಬದಲಿ ಏನೆಂದು ಅಧ್ಯಯನ ಮಾಡುವ ಒಪ್ಪಂದವೊಂದು 2023ರ ಡಿಸೆಂಬರಿನಲ್ಲಿ ಆಗಿತ್ತು. 2025ರ ಜೂನಿನಲ್ಲಿ ಅಮೆರಿಕ ಸರಕಾರ ಅದರಿಂದ ಹಿಂದೆ ಸರಿಯಿತು.

ಚಿತ್ರ ಮಾಡುವವರಿಗೆ ನಾಲ್ಕು ಮಾತು

1. ಚಿತ್ರದ ಕೊನೆಗೆ ಒಂದೇ ಸ್ಪಷ್ಟ ಬೇಡಿಕೆ ಇರಲಿ. 'ನದಿ ಉಳಿಸಿ' ಎಂದರೆ ಯಾರೂ ಬೇಡ ಅನ್ನುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ.

2. ನಷ್ಟವಾಗುವವರೂ ಮಾತಾಡಲಿ. ಮೀನು ಕಳಕೊಂಡವರ ಪಕ್ಕದಲ್ಲೇ ಗೋಧಿ ಬೆಳೆಯುವವರೂ ಕೂರಲಿ. ಅವರನ್ನು ಖಳನಾಯಕ ಮಾಡಬೇಡಿ.

3. ಬದಲಿ ಏನು, ಖರ್ಚು ಯಾರದು – ಹೇಳಿ. ಬಾರ್ಜ್ ಹೋದರೆ ರೈಲಿದೆಯಾ? ನೀರು ತಗ್ಗಿದರೆ ಪಂಪಿನ ಪೈಪು ಉದ್ದ ಮಾಡುವವರು ಯಾರು?

4. ಮೊದಲ ಪ್ರದರ್ಶನ ಹೊಳೆಬದಿಯ ಊರಿನಲ್ಲಾಗಲಿ. ಚಿತ್ರ ಮುಗಿದ ಮೇಲೆ ಚರ್ಚೆಗೂ ಅಷ್ಟೇ ಹೊತ್ತು ಇಡಿ.

ಸಹಿ ಹಾಕಿದವರು ಮನೆಗೆ ಹೋಗುತ್ತಾರೆ. ಹೊಳೆ ಜತೆ ಬಾಳಬೇಕಾದವರು ಅಲ್ಲಿಯವರೇ. 'ನನ್ನ ಗೋಧಿ ಯಾವ ದಾರಿಯಲ್ಲಿ ಹೋಗಬೇಕು?' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮೀನಿಗೂ ದಾರಿ ಸಿಗಬಹುದು.